ಮೊದಲ ಮ್ಯಾರಥಾನ್ ನಡೆದು ಮುಗಿಸಿದ ಮೇಲೆ ಶೂ ಮೂಲೆ ಸೇರದಿರಲು ಏನು ಮಾಡಬೇಕು?

ಮ್ಯಾರಥಾನ್ ಮುಗಿದು 23 ದಿನ ಆಗಿತ್ತು. ಚಪ್ಪಲಿ ಸ್ಟ್ಯಾಂಡಿನಿಂದ ಶೂ ಎತ್ತಿಕೊಂಡೆ. ಎಡಗಾಲಿನ ಶೂ ಒಳಗೆ ಜೇಡ ಬಲೆ ಕಟ್ಟಿತ್ತು. ಅದಕ್ಕೆ ಮುಂಚೆ ಐದು ತಿಂಗಳು ಆ ಶೂ ಒಂದು ದಿನವೂ ಪೂರ್ತಿ ಒಣಗಿದ್ದೇ ಇಲ್ಲ. ಬೆಳಿಗ್ಗೆ ಐದೂವರೆಗೆಲ್ಲ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಇರುತ್ತಿದ್ದೆ. ಭಾನುವಾರ ಬಂದರೆ ನಾಲ್ಕಕ್ಕೇ ಎದ್ದು ಇಪ್ಪತ್ತು, ಇಪ್ಪತ್ತೈದು ಕಿಲೋಮೀಟರ್ ನಡೆಯುತ್ತಿದ್ದೆ. ಆ ಹುರುಪೆಲ್ಲ ಎಲ್ಲಿಗೆ ಹೋಯಿತು ಅಂತ ಶೂ ಕೈಯಲ್ಲಿ ಹಿಡಿದು ನಿಂತೆ.

ನಾನು ಮೈಸೂರಿನಲ್ಲಿ ಹೈಸ್ಕೂಲ್ ಟೀಚರ್. ವಯಸ್ಸು 48. ಒಂದು ಹೆಜ್ಜೆಯೂ ಓಡದೆ, ಪೂರ್ತಿ ನಡೆದೇ 42.195 ಕಿ.ಮೀ. ಮುಗಿಸಿದೆ. 7 ಗಂಟೆ 52 ನಿಮಿಷ ಬೇಕಾಯಿತು. ಅಂದರೆ ಒಂದು ಕಿಲೋಮೀಟರಿಗೆ ಹೆಚ್ಚುಕಡಿಮೆ 11 ನಿಮಿಷ 11 ಸೆಕೆಂಡು. ಆ ದಿನದ ಸಂತೋಷ ಇವತ್ತಿಗೂ ಇದೆ. ಆದರೆ ಅದಾದ ಮೇಲಿನ ಎರಡು ತಿಂಗಳು ಹೇಗಿರುತ್ತೆ ಅಂತ ಯಾರೂ ನನಗೆ ಹೇಳಿರಲಿಲ್ಲ. ಆ ಎರಡು ತಿಂಗಳು ದಾಟಿ, ಮತ್ತೆ ನಡೆಯಲು ಶುರು ಮಾಡಿ, ಈಗ ಮೂರನೇ ವರ್ಷ. ನಾನು ಏನೇನು ಮಾಡಿದೆ, ಯಾವುದು ಕೆಲಸಕ್ಕೆ ಬಂತು ಅನ್ನೋದನ್ನ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಮಾತು. ನಿಮ್ಮ ಉತ್ಸಾಹ ಕಮ್ಮಿಯಾಯಿತು ಅಂತ ನಿಮ್ಮನ್ನೇ ಬೈದುಕೊಳ್ಳಬೇಡಿ. ಮದುವೆ ಮುಗಿದು ಚಪ್ಪರ ಬಿಚ್ಚಿದ ಮನೆ ನೋಡಿದ್ದೀರಲ್ವಾ? ತಿಂಗಳುಗಟ್ಟಲೆ ಓಡಾಡಿದವರೆಲ್ಲ ಅವತ್ತು ಸುಮ್ನೆ ಕೂತಿರುತ್ತಾರೆ. ಇಷ್ಟು ದಿನ ಎಲ್ಲರನ್ನೂ ಎಬ್ಬಿಸಿ ಓಡಾಡಿಸಿದ್ದು ಆ ಒಂದು ಮುಹೂರ್ತ. ನಮ್ಮದೂ ಹಾಗೇ. ಕ್ಯಾಲೆಂಡರಿನಲ್ಲಿ ಕೆಂಪು ಇಂಕಿನಲ್ಲಿ ಸುತ್ತು ಹಾಕಿದ ತಾರೀಖೇ ನನ್ನನ್ನು ಅಷ್ಟು ದಿನ ಎಬ್ಬಿಸುತ್ತಿತ್ತು. ಅದು ಕಳೆದುಹೋಯಿತು, ನಡಿಗೆಯೂ ನಿಂತಿತು. ಹಾಗಾಗಿ ಮತ್ತೆ ನಡೆಯಬೇಕಾದರೆ ಹೋದ ಹುರುಪು ವಾಪಸ್ ಬರಲಿ ಅಂತ ಕಾಯಬಾರದು. ನಡಿಗೆಯನ್ನು ಕಟ್ಟಿಹಾಕಲು ಹೊಸ ಗೂಟ ಬೇಕು. ಒಂದಕ್ಕಿಂತ ಜಾಸ್ತಿ ಇದ್ದರೆ ಇನ್ನೂ ಒಳ್ಳೆಯದು.

ಮೊದಲ ಎರಡು ವಾರ: ಟ್ರೈನಿಂಗ್ ಮಾತೇ ಬೇಡ

ನಾನು ಇಲ್ಲೇ ತಪ್ಪು ಮಾಡಿದೆ. ಆರನೇ ದಿನವೇ ಹೋಗಿ 10 ಕಿ.ಮೀ. ನಡೆದೆ. ಮೀನಖಂಡ ಕಲ್ಲಾಗಿತ್ತು. ಮನೆಗೆ ಬಂದವಳಿಗೆ ನಡಿಗೆ ಅಂದರೇ ಬೇಸರ ಬಂತು. ಅದು ಸೋಮಾರಿತನ ಅಂತ ತಿಳಿದೆ. ನಿಜವಾಗಿ ಮೈ ಇನ್ನೂ ರಿಪೇರಿಯಲ್ಲಿತ್ತು.

ಏಳೆಂಟು ಗಂಟೆ ಒಂದೇ ಸಮನೆ ನಡೆದಾಗ ತೊಡೆ, ಮೀನಖಂಡ, ಪಾದದ ಸ್ನಾಯುಗಳಲ್ಲಿ ಸಣ್ಣ ಸಣ್ಣ ಗಾಯಗಳಾಗುತ್ತವೆ. ನೋವು ನಾಲ್ಕೈದು ದಿನಕ್ಕೆ ಹೋಗಬಹುದು, ಒಳಗಿನ ದುರಸ್ತಿಗೆ ಅದಕ್ಕಿಂತ ಜಾಸ್ತಿ ದಿನ ಬೇಕು. ಸ್ನಾಯುವನ್ನು ಎಲುಬಿಗೆ ಕಟ್ಟಿಹಾಕುವ ಗಟ್ಟಿ ಪಟ್ಟಿಗಳು (ಟೆಂಡನ್) ಸ್ನಾಯುಗಳಿಗಿಂತ ನಿಧಾನವಾಗಿ ಚೇತರಿಸಿಕೊಳ್ಳುತ್ತವೆ. ಎರಡು ವಾರ ಸುಮ್ಮನಿದ್ದರೆ ಕಷ್ಟಪಟ್ಟು ಬೆಳೆಸಿದ ದಮ್ಮು ಹೋಗಿಬಿಡುತ್ತೆ ಅನ್ನೋ ಭಯ ಬೇಡ. ಅಷ್ಟರಲ್ಲಿ ಕಳೆದುಕೊಳ್ಳುವುದು ತುಂಬಾ ಕಮ್ಮಿ.

ಮೊದಲ ಮೂರು ದಿನ ಮನೆಯೊಳಗೆ, ಅಂಗಳದಲ್ಲಿ ಓಡಾಡಿದರೆ ಸಾಕು. ನಾಲ್ಕನೇ ದಿನದಿಂದ ಚಪ್ಪಲಿ ಹಾಕಿಕೊಂಡು ಹಾಲು ತರಲು, ತರಕಾರಿ ತರಲು ಹೋಗಿ. ಹತ್ತು ಹದಿನೈದು ನಿಮಿಷ. ವಾಚ್ ಬೇಡ. ನಿದ್ದೆ ಜಾಸ್ತಿ ಮಾಡಿ. ಊಟದಲ್ಲಿ ಮೊಳಕೆ ಹುರುಳಿಕಾಳು, ಕಡ್ಲೆಕಾಳು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ ಇರಲಿ. ಮಧ್ಯಾಹ್ನ ಒಂದು ದೊಡ್ಡ ಲೋಟ ಉಪ್ಪು ಹಾಕಿದ ಮಜ್ಜಿಗೆ.

ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಕೈನಾಡಿ ಹಿಡಿದು ಒಂದು ನಿಮಿಷ ಎಣಿಸಿ. ಈ ಅಭ್ಯಾಸ ನನಗೆ ತುಂಬಾ ಸಹಾಯ ಮಾಡಿತು. ನನ್ನದು ಸಾಮಾನ್ಯವಾಗಿ 64. ಮ್ಯಾರಥಾನ್ ಆದ ಮೇಲಿನ ದಿನಗಳಲ್ಲಿ 73, 74 ಇತ್ತು. ಅದು ಮತ್ತೆ 65ರ ಹತ್ತಿರ ಬಂದಾಗ ಮೈ ಸರಿಹೋಗುತ್ತಿದೆ ಅಂತ ಗೊತ್ತಾಯಿತು. ನಿಮ್ಮ ಅಂಕಿ ಬೇರೆ ಇರುತ್ತೆ. ನಿಮ್ಮದನ್ನೇ ನಿಮ್ಮ ಹಳೆಯದರ ಜೊತೆ ಹೋಲಿಸಿ ನೋಡಿ.

ನನ್ನ ಬಲಗಾಲಿನ ಹೆಬ್ಬೆರಳ ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಇದು ತುಂಬಾ ಜನಕ್ಕೆ ಆಗುತ್ತೆ. ಇಳಿಜಾರಿನಲ್ಲಿ ಬೆರಳು ಶೂ ಮೂತಿಗೆ ಗುದ್ದಿಕೊಳ್ಳುವುದರಿಂದ ಹೀಗೆ. ಕೀಳಬೇಡಿ. ಕೆಳಗೆ ಹೊಸದು ಬೆಳೆದ ಹಾಗೆ ಹಳೆಯದು ತಾನಾಗೇ ಬಿಡುತ್ತೆ. ಮುಂದಿನ ಸಲ ಅರ್ಧ ಸೈಜು ದೊಡ್ಡ ಶೂ ತಗೊಳ್ಳಿ. ಶುಗರ್ ಇರುವವರು ಮಾತ್ರ ಕಾಲಿನ ಯಾವ ಗಾಯವನ್ನೂ ಮನೆಯಲ್ಲೇ ನೋಡಿಕೊಳ್ಳಬೇಡಿ, ಡಾಕ್ಟರಿಗೆ ತೋರಿಸಿ.

ಇನ್ನೆರಡು ವಿಷಯದಲ್ಲಿ ತಡಮಾಡಲೇಬೇಡಿ. ಪಾದದಲ್ಲೋ ಮೊಣಕಾಲ ಕೆಳಗೋ ಎಲುಬಿನ ಮೇಲೆ ಒಂದೇ ಜಾಗದಲ್ಲಿ ಬೆರಳಿಟ್ಟರೆ ಚುಚ್ಚುವ ನೋವು, ವಾರವಾದರೂ ಹೋಗದಿದ್ದರೆ, ಎಲುಬಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟಿರಬಹುದು. ಮ್ಯಾರಥಾನ್ ಆದ ಒಂದೆರಡು ದಿನದಲ್ಲಿ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ನೆನಪು ಹಸಿಯಾಗಿರುವಾಗಲೇ ಬರೆದಿಡಿ

ಕಾಲು ಆಡದ ಆ ಮೊದಲ ಮೂರು ದಿನದಲ್ಲಿ ಕೈಗೆ ಒಂದು ಕೆಲಸ ಕೊಡಿ. ಇನ್ನೂರು ಪುಟದ ನೋಟ್‌ಬುಕ್ ಸಾಕು. ಐದೈದು ಕಿಲೋಮೀಟರಿಗೆ ಏನಾಯಿತು ಅಂತ ನೆನಪಿದ್ದದ್ದೆಲ್ಲ ಬರೆಯಿರಿ. ಏನು ಕುಡಿದಿರಿ, ಎಲ್ಲಿ ಉಜ್ಜಿತು, ಎಲ್ಲಿ ಅಳು ಬಂತು, ಯಾರ ಮಾತು ಕೇಳಿ ಹೆಜ್ಜೆ ಜೋರಾಯಿತು.

ನನ್ನ ಪುಸ್ತಕದಲ್ಲಿ ಹೀಗಿದೆ: "34ರಲ್ಲಿ ಎಡ ಸೊಂಟ ಹಿಡಿಯಿತು. ಭುಜ ಮುದುಡಿಕೊಂಡು ನಡೆಯುತ್ತಿದ್ದೆ. 36ರಲ್ಲಿ ಒಬ್ಬ ಹುಡುಗ ಕಿತ್ತಳೆ ಹಣ್ಣು ಬಿಡಿಸಿ ಕೊಟ್ಟ. ಕೈ ಬೆರಳು ಊದಿಕೊಂಡು ಮಡಿಸಲು ಆಗುತ್ತಿರಲಿಲ್ಲ. 38ರ ಮೇಲೆ ಒಂದೊಂದು ಕಿಲೋಮೀಟರಿಗೆ 13 ನಿಮಿಷ."

ಎರಡು ತಿಂಗಳ ನಂತರ ಈ ಪುಟ ನನಗೆ ದಾರಿ ತೋರಿಸಿತು. 34ರಲ್ಲಿ ಸೊಂಟ ಹಿಡಿಯಿತು ಅಂದರೆ ಸೊಂಟದ ಪಕ್ಕದ ಸ್ನಾಯುಗಳಿಗೆ ಬಲ ಇಲ್ಲ. ಕೈ ಊದಿತು ಅಂದರೆ ಮೊಣಕೈ ಮಡಿಸದೆ ಕೈ ಜೋತುಬಿಟ್ಟು ನಡೆದಿದ್ದೇನೆ. ಕೊನೆಯಲ್ಲಿ 13 ನಿಮಿಷಕ್ಕೆ ಇಳಿಯಿತು ಅಂದರೆ ಮೊದಲ ಹತ್ತು ಕಿಲೋಮೀಟರ್ ಜನರ ಜೊತೆ ಉಮೇದಿನಲ್ಲಿ ಜೋರಾಗಿ ಹೋಗಿದ್ದೇನೆ. ಒಂದೇ ಪುಟದಲ್ಲಿ ಮೂರು ಕೆಲಸ ಸಿಕ್ಕಿತು. "ಫಿಟ್ ಆಗಿರಬೇಕು" ಅಂತ ಸುಮ್ನೆ ಅಂದುಕೊಂಡರೆ ಬೆಳಿಗ್ಗೆ ಐದಕ್ಕೆ ಎಚ್ಚರ ಆಗಲ್ಲ. "34ರಲ್ಲಿ ಹಿಡಿದ ಆ ಸೊಂಟವನ್ನ ಸರಿ ಮಾಡಬೇಕು" ಅಂದರೆ ಎಚ್ಚರ ಆಗುತ್ತೆ.

ಮೂರನೇ ವಾರ: ಬಾಗಿಲು ದಾಟುವುದಷ್ಟೇ ಲೆಕ್ಕ

ಮ್ಯಾರಥಾನ್ ನಡೆದವರಿಗೆ ಒಂದು ಕಷ್ಟ ಇದೆ. 42 ನೋಡಿದ ಕಣ್ಣಿಗೆ 3 ಕಿಲೋಮೀಟರ್ ಲೆಕ್ಕಕ್ಕೇ ಬರಲ್ಲ. "ಇಷ್ಟಕ್ಕೆ ಶೂ ಹಾಕಬೇಕಾ" ಅನಿಸುತ್ತೆ. ಹಾಗೆ ಅನಿಸಿದ ದಿನವೇ ಶೂ ಹಾಕಬೇಕು.

ಮೂರನೇ ಮತ್ತು ನಾಲ್ಕನೇ ವಾರ ವಾರಕ್ಕೆ ಮೂರೇ ದಿನ, 20ರಿಂದ 30 ನಿಮಿಷ ನಡೆಯಿರಿ. ಜೊತೆಯವರ ಹತ್ತಿರ ಆರಾಮಾಗಿ ಮಾತಾಡಿಕೊಂಡು ಹೋಗುವಷ್ಟು ವೇಗ ಸಾಕು. ದೂರ ಅಳೆಯಬೇಡಿ. ಮೊಬೈಲಿನ ಆ್ಯಪ್ ಆಫ್ ಮಾಡಿಡಿ. ಹಿಂದಿನ ರಾತ್ರಿಯೇ ಶೂ, ಸಾಕ್ಸ್, ಬಟ್ಟೆ ಬಾಗಿಲ ಹತ್ತಿರ ಜೋಡಿಸಿ. ಅಲಾರಂ ಇರುವ ಫೋನನ್ನು ಶೂ ಪಕ್ಕದಲ್ಲೇ ಇಟ್ಟರೆ ಅದನ್ನು ನಿಲ್ಲಿಸಲು ಏಳಲೇಬೇಕು, ಎದ್ದರೆ ಶೂ ಕಣ್ಣೆದುರಿಗೇ ಇರುತ್ತೆ.

ನನ್ನ ನಿಯಮ ಇದು: ಗೇಟ್ ದಾಟಿ ಬೀದಿ ಕೊನೆಯ ಹೊಂಗೆ ಮರದವರೆಗೆ ಹೋಗಬೇಕು. ಅಲ್ಲಿಗೆ ಹೋದ ಮೇಲೂ ಬೇಡ ಅನಿಸಿದರೆ ವಾಪಸ್ ಬರಬಹುದು. ಆ ದಿನವೂ ನೋಟ್‌ಬುಕ್ಕಿನಲ್ಲಿ ಒಂದು ಟಿಕ್. ಮೂರು ವರ್ಷದಲ್ಲಿ ಮರದಿಂದ ವಾಪಸ್ ಬಂದದ್ದು ನಾಲ್ಕೇ ಸಲ. ಅದರಲ್ಲಿ ಎರಡು ಸಲ ಮಾರನೇ ದಿನ ಜ್ವರ ಬಂತು. ಮೈಗೆ ಮೊದಲೇ ಗೊತ್ತಿತ್ತು.

ದಾರಿ ಬದಲಿಸುವುದೂ ಸಹಾಯ ಮಾಡುತ್ತೆ. ಐದು ತಿಂಗಳು ಒಂದೇ ಕೆರೆ ಸುತ್ತಿದ್ದೆ. ಅದನ್ನು ಒಂದು ತಿಂಗಳು ಪೂರ್ತಿ ಬಿಟ್ಟೆ. ದೇವರಾಜ ಮಾರ್ಕೆಟ್ಟಿಗೆ ಹೂವಿನ ಮೂಟೆ ಇಳಿಯುವ ಹೊತ್ತಿಗೆ ಹೋಗಿ ಅರ್ಧ ಮೊಳ ಮಲ್ಲಿಗೆ ತರುತ್ತಿದ್ದೆ. ಮನೆಯಿಂದ ಹೋಗಿ ಬರಲು ನಾಲ್ಕು ಕಿಲೋಮೀಟರ್. ಅದೇ ಆವತ್ತಿನ ವಾಕಿಂಗ್.

ಹೊಸ ತಾರೀಖು, ಆದರೆ ಇನ್ನೊಂದು ಮ್ಯಾರಥಾನ್ ಅಲ್ಲ

ಐದನೇ ವಾರದ ಹೊತ್ತಿಗೆ ಕ್ಯಾಲೆಂಡರಿನಲ್ಲಿ ಮತ್ತೆ ಒಂದು ಕೆಂಪು ಸುತ್ತು ಬೇಕು. ಮೂರು ನಾಲ್ಕು ತಿಂಗಳು ದೂರದ ಒಂದು ದಿನ. ಮೊದಲ ತಿಂಗಳಲ್ಲೇ ಮತ್ತೊಂದು ಫುಲ್ ಮ್ಯಾರಥಾನಿಗೆ ದುಡ್ಡು ಕಟ್ಟಬೇಡಿ. ಮೆಡಲ್ ಬಿಸಿಯಲ್ಲಿ ಕಟ್ಟಿ, ಆಮೇಲೆ ಹಿಂಸೆಪಟ್ಟವರನ್ನು ನೋಡಿದ್ದೇನೆ. ಬೇರೆ ಥರದ ಗುರಿ ಹುಡುಕಿ. ನಾಲ್ಕು ದಾರಿ ಹೇಳುತ್ತೇನೆ. ಒಂದನ್ನೇ ಹಿಡಿಯಿರಿ.

ಮೊದಲನೆಯದು ಕಮ್ಮಿ ದೂರ, ಜಾಸ್ತಿ ವೇಗ. ಬೆಂಗಳೂರಿನಲ್ಲಿ 2008ರಿಂದ ವರ್ಲ್ಡ್ 10ಕೆ ನಡೆಯುತ್ತಿದೆ. ಊರೂರಲ್ಲೂ ಈಗ 10 ಮತ್ತು 21 ಕಿ.ಮೀ. ಸ್ಪರ್ಧೆಗಳಿವೆ. ನನ್ನ ಮ್ಯಾರಥಾನ್ ವೇಗದಲ್ಲೇ ಹೋದರೆ 21.1 ಕಿ.ಮೀ.ಗೆ 3 ಗಂಟೆ 56 ನಿಮಿಷ ಬೇಕು. ಅದನ್ನು 3 ಗಂಟೆ 40ಕ್ಕೆ ಇಳಿಸಬೇಕು ಅಂತ ಹಟ ಹಿಡಿದೆ. ಕಿಲೋಮೀಟರಿಗೆ 10 ನಿಮಿಷ 26 ಸೆಕೆಂಡು. ಕೇಳಲು 45 ಸೆಕೆಂಡಿನ ವ್ಯತ್ಯಾಸ, ಆದರೆ ನಡಿಗೆಯಲ್ಲಿ ಅದು ದೊಡ್ಡದು. ಸ್ಪರ್ಧೆಗೆ ಹೆಸರು ಕೊಡುವ ಮೊದಲು ಸಮಯದ ಮಿತಿ ಎಷ್ಟು ಅಂತ ನೋಡಿ. ಓಡುವವರಿಗೆ ಅದು ತಲೆಬಿಸಿಯಲ್ಲ, ನಡೆಯುವವರಿಗೆ ಅದೇ ಮುಖ್ಯ.

ಎರಡನೆಯದು ಬೆಟ್ಟ. ನಮಗೆ ಚಾಮುಂಡಿ ಇದ್ದಾಳೆ. ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಅರ್ಧಕ್ಕಿಂತ ಮೇಲೆ ಹತ್ತಿದರೆ ನಂದಿ ಸಿಗುತ್ತಾನೆ. ನಡುವೆ ಕೂರದೆ ಮೇಲೆ ಹೋಗುವುದೇ ಒಂದು ಗುರಿ. ಹತ್ತುವಾಗ ದಮ್ಮು ಬೇಕು, ಇಳಿಯುವಾಗ ತೊಡೆ ಬೇಕು. ಇಳಿಯುವಾಗ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯುತ್ತೆ, ಅದಕ್ಕೇ ಮಾರನೇ ದಿನ ತೊಡೆ ಹಿಡಿಯುವುದು. ಹಾಗಾಗಿ ಮೊದಲ ತಿಂಗಳು ಮೆಟ್ಟಿಲು ಹತ್ತಿ, ಬಸ್ಸಿನಲ್ಲಿ ಇಳಿದು ಬನ್ನಿ. ಮಂಡಿ ನೋವಿದ್ದವರಿಗೂ ಇದೇ ಕ್ಷೇಮ. ನಿಮ್ಮ ಊರಲ್ಲೂ ಒಂದು ಗುಡ್ಡ ಇದ್ದೇ ಇರುತ್ತೆ.

ಮೂರನೆಯದು ನಡಿಗೆಯನ್ನೇ ಆಟವಾಗಿ ಕಲಿಯುವುದು. ರೇಸ್ ವಾಕಿಂಗ್ ಒಲಿಂಪಿಕ್ಸ್ ಆಟ ಅನ್ನೋದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಎರಡೇ ನಿಯಮ. ನೋಡುವವರ ಕಣ್ಣಿಗೆ ಕಾಣುವಂತೆ ಯಾವಾಗಲೂ ಒಂದು ಪಾದ ನೆಲದ ಮೇಲಿರಬೇಕು. ಮುಂದಿಟ್ಟ ಕಾಲು ನೆಲ ಮುಟ್ಟಿದಾಗಿನಿಂದ ಮೈ ಅದರ ಮೇಲೆ ನೇರ ಬರುವವರೆಗೂ ಮಂಡಿ ಮಡಿಸಬಾರದು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮ ಕೆ.ಟಿ. ಇರ್ಫಾನ್ 20 ಕಿ.ಮೀ. ನಡಿಗೆಯಲ್ಲಿ ಹತ್ತನೆಯವರಾದರು. 2022ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಪ್ರಿಯಾಂಕಾ ಗೋಸ್ವಾಮಿ 10,000 ಮೀಟರ್ ನಡಿಗೆಗೆ ಬೆಳ್ಳಿ ಗೆದ್ದರು. 2024ರ ಪ್ಯಾರಿಸ್‌ನಲ್ಲಂತೂ ಮ್ಯಾರಥಾನ್ ದೂರದ ನಡಿಗೆ ರಿಲೇ ಇತ್ತು. ಒಬ್ಬ ಗಂಡಸು, ಒಬ್ಬ ಹೆಂಗಸು ಸರದಿಯಲ್ಲಿ ನಡೆಯಬೇಕು. ಸ್ಪೇನಿನ ಜೋಡಿ 2 ಗಂಟೆ 50 ನಿಮಿಷ 31 ಸೆಕೆಂಡಿನಲ್ಲಿ ಚಿನ್ನ ಗೆದ್ದಿತು. ಅದರ ವಿಡಿಯೋ ನೋಡಿ. ಅವರ ಮೊಣಕೈ ಗಮನಿಸಿ. 90 ಡಿಗ್ರಿ ಮಡಿಸಿ, ಸೊಂಟದ ಹತ್ತಿರವೇ ಹಿಂದೆ ಮುಂದೆ ಆಡಿಸುತ್ತಾರೆ. ಆ ಒಂದನ್ನು ಕಲಿತದ್ದಕ್ಕೇ ನನ್ನ ಕೈ ಊದುವುದು ನಿಂತಿತು, ಹೆಜ್ಜೆಯೂ ಚುರುಕಾಯಿತು. ದಾಪುಗಾಲು ಹಾಕಬೇಡಿ. ವೇಗ ಬರುವುದು ಹೆಜ್ಜೆ ಚಿಕ್ಕದು ಮಾಡಿ ಬೇಗ ಬೇಗ ಇಟ್ಟಾಗ.

ನಾಲ್ಕನೆಯದು ಪಾದಯಾತ್ರೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಪಾದಯಾತ್ರೆಯವರಿಂದ ಕಲಿತದ್ದು

ಹಿಂದೆ ಕೊಳ್ಳೇಗಾಲದ ಕಡೆ ಒಂದು ಹಳ್ಳಿ ಶಾಲೆಯಲ್ಲಿದ್ದೆ. ಶಿವರಾತ್ರಿ ಹತ್ತಿರ ಬಂದರೆ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವವರು ರಾತ್ರಿ ನಮ್ಮ ಶಾಲೆ ವರಾಂಡದಲ್ಲಿ ಮಲಗುತ್ತಿದ್ದರು. ಒಂದು ಸಲ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಕಂಬಕ್ಕೆ ಒರಗಿ ಪಾದಕ್ಕೆ ಹರಳೆಣ್ಣೆ ತಿಕ್ಕುತ್ತಿದ್ದರು.

"ಎಷ್ಟು ವರ್ಷದಿಂದ ನಡೀತಿದ್ದೀರಿ ಅಜ್ಜಿ?" ಅಂದೆ.

"ಲೆಕ್ಕ ಇಟ್ಟಿಲ್ಲ ಕಣವ್ವ. ಶಿವರಾತ್ರಿ ಬಂತು ಅಂದ್ರೆ ಹೊರಡೋದೆ."

"ಒಂದು ವರ್ಷವೂ ಬೇಜಾರು ಆಗ್ಲಿಲ್ವಾ?"

"ಆಯ್ತದೆ, ಯಾಕಾಗಲ್ಲ? ಆದ್ರೆ ಅಕ್ಕಿ ಗಂಟು ನನ್ ಜವಾಬ್ದಾರಿ. ನಾನು ಬರಲ್ಲ ಅಂದ್ರೆ ಇವ್ರೆಲ್ಲ ಉಪವಾಸ."

ಆಗ ನನಗೆ ಈ ಮಾತಿನ ಬೆಲೆ ಗೊತ್ತಾಗಲಿಲ್ಲ. ಜೇಡ ಕಟ್ಟಿದ ಶೂ ಹಿಡಿದು ನಿಂತ ಬೆಳಿಗ್ಗೆ ಥಟ್ಟನೆ ನೆನಪಾಯಿತು. ಅಜ್ಜಿಗೆ ಪ್ರತಿ ವರ್ಷ ತಪ್ಪದೆ ಬರುವ ದಿನ ಇತ್ತು. ಬರಲಿಲ್ಲ ಅಂದರೆ ಬಾಗಿಲಿಗೆ ಬಂದು ಕೇಳುವ ಜನ ಇದ್ದರು. ಅವರಿಗೇ ಅಂತ ಒಂದು ಕೆಲಸ ಇತ್ತು. ನನ್ನ ಹತ್ತಿರ ಮೂರರಲ್ಲಿ ಒಂದೂ ಇರಲಿಲ್ಲ.

ನಮ್ಮ ನಾಡಿನಲ್ಲಿ ದೂರ ನಡೆಯುವುದು ಹೊಸತೇನಲ್ಲ. ಶಿವರಾತ್ರಿಗೆ ಬೆಂಗಳೂರು ಕಡೆಯಿಂದ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗುವವರಿದ್ದಾರೆ. ಯುಗಾದಿಗೆ ವಿಜಯಪುರ, ಬಾಗಲಕೋಟೆ ಕಡೆಯಿಂದ ಶ್ರೀಶೈಲಕ್ಕೆ ಬಿಸಿಲಲ್ಲಿ ನಡೆಯುವವರಿದ್ದಾರೆ. ದಾರಿಯುದ್ದಕ್ಕೂ ಊರಿನವರು ಮಜ್ಜಿಗೆ, ಪಾನಕ, ಕಾಲಿಗೆ ಬಿಸಿನೀರು ಕೊಡುತ್ತಾರೆ. ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರ್ ಇವರಿಗೆ ದೊಡ್ಡ ಸಂಗತಿಯಲ್ಲ. ಹೊರದೇಶದಲ್ಲೂ ಇಂಥದ್ದಿದೆ. ನೆದರ್ಲೆಂಡ್ಸ್‌ನ ನೈಮೇಖನ್ ಊರಿನಲ್ಲಿ ನಾಲ್ಕು ದಿನದ ನಡಿಗೆ ನಡೆಯುತ್ತೆ, ಅದು ಶುರುವಾದದ್ದು 1909ರಲ್ಲಿ. ಜುಲೈ ತಿಂಗಳಲ್ಲಿ ಸಾವಿರಾರು ಜನ ದಿನಕ್ಕೆ 30, 40 ಇಲ್ಲವೇ 50 ಕಿ.ಮೀ.ಯಂತೆ ನಾಲ್ಕು ದಿನ ನಡೆಯುತ್ತಾರೆ. ಎಷ್ಟನೇ ಸಲ ಮುಗಿಸಿದಿರಿ ಅನ್ನೋದರ ಮೇಲೆ ಪದಕ ಬದಲಾಗುತ್ತೆ. ಹಾಗಾಗಿ ಮೊದಲ ಸಲ ಮುಗಿಸಿದವರಿಗೆ ಎರಡನೇ ಸಲದ ಆಸೆ ತಾನಾಗೇ ಹುಟ್ಟುತ್ತೆ.

ಪಾದಯಾತ್ರೆಗೆ ಹೋಗಬೇಕು ಅನಿಸಿದರೆ ಹೋಗಿ, ವರ್ಷಕ್ಕೊಂದು ಗಟ್ಟಿ ಗುರಿ ಸಿಕ್ಕಿತು. ಹೋಗದಿದ್ದರೂ ಆ ಮೂರು ವಿಷಯವನ್ನು ನಿಮ್ಮ ನಡಿಗೆಗೆ ತಂದುಕೊಳ್ಳಬಹುದು.

ದಿನ: ಭಾನುವಾರದ ಉದ್ದ ನಡಿಗೆ ಯಾವತ್ತೂ ಒಂದೇ ಹೊತ್ತಿಗೆ, ಒಂದೇ ಜಾಗದಿಂದ ಹೊರಡಲಿ. ವಾರವಾರ ಹೊಸದಾಗಿ ನಿರ್ಧಾರ ಮಾಡಬೇಕಾದರೆ ಒಂದಲ್ಲ ಒಂದು ವಾರ ತಪ್ಪಿಯೇ ತಪ್ಪುತ್ತೆ.

ಜನ: ಹತ್ತು ಜನರ ಗುಂಪು ಬೇಕಿಲ್ಲ, ಒಬ್ಬರು ಸಾಕು. ನಮ್ಮ ಎದುರು ಮನೆ ಅಕ್ಕ ನನ್ನಷ್ಟು ದೂರ ನಡೆಯಲ್ಲ. ಕೆರೆ ಒಂದು ಸುತ್ತು ಬಂದು ಮನೆಗೆ ಹೋಗುತ್ತಾರೆ. ಆದರೆ ಐದು ಇಪ್ಪತ್ತಕ್ಕೆ ಗೇಟ್ ಹತ್ತಿರ ನಿಂತು "ಏನ್ರೀ ಮೇಡಂ, ಎದ್ರಾ?" ಅಂತ ಒಂದೇ ಸಲ ಕೂಗುತ್ತಾರೆ. ಅಷ್ಟು ಸಾಕು. ನಿಮ್ಮ ವೇಗದವರೇ ಸಿಗಬೇಕು ಅಂತ ಕಾಯಬೇಡಿ. ಮೊದಲ ಸುತ್ತು ಅವರ ವೇಗ, ಆಮೇಲೆ ನಿಮ್ಮ ವೇಗ.

ಕೆಲಸ: ನಾನು ಈಗ ನಮ್ಮ ಬೀದಿಯ ನಾಲ್ಕು ಜನಕ್ಕೆ ಭಾನುವಾರದ ದಾರಿ ಗೊತ್ತು ಮಾಡುತ್ತೇನೆ, ಮಧ್ಯೆ ತಿನ್ನಲು ಕಡ್ಲೆಮಿಠಾಯಿ ತರುತ್ತೇನೆ. ನಾನು ಹೋಗದಿದ್ದರೆ ಅವರು ದಾರಿ ಕಾಯುತ್ತಾರೆ. ನಿಮ್ಮ ಊರಿನ ಯಾವುದಾದರೂ ಸ್ಪರ್ಧೆಯಲ್ಲಿ ನೀರು ಕೊಡುವ ಟೇಬಲ್ಲಿನಲ್ಲಿ ಒಂದು ಬೆಳಿಗ್ಗೆ ನಿಲ್ಲಿ. ಕೊನೆಯಲ್ಲಿ ಬರುವವರ ಮುಖ ನೋಡಿ. ಮಾರನೇ ದಿನ ಮನೆಯಲ್ಲಿ ಕೂರಲು ಮನಸ್ಸೇ ಬರಲ್ಲ.

ವಾರದ ಲೆಕ್ಕ

ಐದು, ಆರನೇ ವಾರದಲ್ಲಿ ನಾಲ್ಕು ದಿನಕ್ಕೆ ಏರಿಸಿ. ಏಳನೇ ವಾರದಿಂದ ಹನ್ನೆರಡು ವಾರದ ಒಂದು ಸುತ್ತು ಇಟ್ಟುಕೊಳ್ಳಿ. ನಾನು 21 ಕಿ.ಮೀ. ಗುರಿಗೆ ಮಾಡಿದ್ದು ಹೀಗೆ:

- ಸೋಮವಾರ ವಿರಾಮ.
- ಮಂಗಳವಾರ 40 ನಿಮಿಷ, ನಡುವೆ ವೇಗದ ತುಣುಕುಗಳು.
- ಬುಧವಾರ ಬಲದ ವ್ಯಾಯಾಮ, 20 ನಿಮಿಷ.
- ಗುರುವಾರ 45 ನಿಮಿಷ ಆರಾಮದ ನಡಿಗೆ.
- ಶುಕ್ರವಾರ ವಿರಾಮ.
- ಶನಿವಾರ ಮತ್ತೆ 20 ನಿಮಿಷ ಬಲದ ವ್ಯಾಯಾಮ, ಜೊತೆಗೆ ಸಣ್ಣ ವಾಕಿಂಗ್.
- ಭಾನುವಾರ ಉದ್ದ ನಡಿಗೆ.

ಭಾನುವಾರ 8 ಕಿಲೋಮೀಟರಿನಿಂದ ಶುರು. ವಾರಕ್ಕೆ ಒಂದು, ಹೆಚ್ಚೆಂದರೆ ಒಂದೂವರೆ ಕಿಲೋಮೀಟರ್ ಏರಿಸಿ. ಪ್ರತಿ ನಾಲ್ಕನೇ ವಾರ ಎರಡು ಮೂರು ಕಿಲೋಮೀಟರ್ ಇಳಿಸಿ. ಹೀಗೆ 16ರ ತನಕ ಬಂದರೆ 21ಕ್ಕೆ ಸಾಕು. ಕೊನೆಯ ವಾರ ಅರ್ಧಕ್ಕೆ ಇಳಿಸಿ.

ವೇಗದ ತುಣುಕಿಗೆ ಮೈದಾನ ಬೇಡ, ಲೈಟ್ ಕಂಬ ಸಾಕು. ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡು, ಎರಡು ಕಂಬದ ದೂರ ಬಸ್ಸು ತಪ್ಪಿಹೋಗುತ್ತೆ ಅನ್ನುವ ಹಾಗೆ ನಡೆಯಿರಿ. ಮುಂದಿನ ಎರಡು ಕಂಬ ನಿಧಾನ. ಎಂಟು ಸಲ. ವಾರ ಕಳೆದ ಹಾಗೆ ಜೋರು ಮೂರು ಕಂಬ, ನಿಧಾನ ಎರಡು ಕಂಬ. ಬೇಸರ ಕಳೆಯಲು ಇದಕ್ಕಿಂತ ಒಳ್ಳೆ ಉಪಾಯ ನನಗೆ ಸಿಕ್ಕಿಲ್ಲ. ಕಂಬ ಎಣಿಸುವುದರಲ್ಲೇ ಹೊತ್ತು ಹೋಗುತ್ತೆ.

ಬಲದ ವ್ಯಾಯಾಮಕ್ಕೆ ಜಿಮ್ ಬೇಕಾಗಿಲ್ಲ. ಬಸ್ಕಿ ಹದಿನೈದು. ಮೆಟ್ಟಿಲ ತುದಿಯಲ್ಲಿ ಮುಂಗಾಲಿನ ಮೇಲೆ ನಿಂತು ಹಿಮ್ಮಡಿ ಎತ್ತಿ ಇಳಿಸುವುದು ಇಪ್ಪತ್ತು. ಪಕ್ಕಕ್ಕೆ ಮಲಗಿ ಮೇಲಿನ ಕಾಲು ಎತ್ತುವುದು ಒಂದೊಂದು ಕಡೆ ಹದಿನೈದು. ಇವನ್ನು ಎರಡು ಸುತ್ತು ಮಾಡಿ. ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲಿ. ನನ್ನ ಸೊಂಟ ಸರಿಹೋದದ್ದು ಆ ಮಲಗಿ ಮಾಡುವ ವ್ಯಾಯಾಮದಿಂದ. ಎರಡೂವರೆ ತಿಂಗಳು ಹಿಡಿಯಿತು.

ಶೂ ಕಡೆಗೂ ಒಮ್ಮೆ ನೋಡಿ. 500ರಿಂದ 800 ಕಿ.ಮೀ. ನಡೆದ ಶೂ ಮೇಲೆ ಚೆನ್ನಾಗಿ ಕಂಡರೂ ಒಳಗಿನ ಮೆತ್ತೆ ಸತ್ತಿರುತ್ತೆ. ಮ್ಯಾರಥಾನ್ ತಯಾರಿಯಲ್ಲೇ ಅಷ್ಟು ಆಗಿರುತ್ತೆ. ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿದರೆ ಒಂದು ಕಡೆ ವಾಲಿದೆಯಾ ಅಂತ ಗೊತ್ತಾಗುತ್ತೆ.

ತಪ್ಪಿದ ದಿನಗಳು

ತಪ್ಪುತ್ತವೆ. ಪರೀಕ್ಷೆ ಪೇಪರ್ ತಿದ್ದುವ ವಾರ, ಮನೆಗೆ ನೆಂಟರು ಬಂದ ವಾರ, ಮುಟ್ಟಿನ ದಿನ, ಆಷಾಢದ ಜಿಟಿಜಿಟಿ ಮಳೆ, ಏಪ್ರಿಲ್ ಬಿಸಿಲು. ಎರಡು ದಿನ ತಪ್ಪಿದರೆ ಚಿಂತೆ ಇಲ್ಲ, ಮೂರನೇ ದಿನ ಹೊಂಗೆ ಮರದವರೆಗಾದರೂ ಹೋಗಬೇಕು. ತಪ್ಪಿದ ಕಿಲೋಮೀಟರುಗಳನ್ನು ಮುಂದಿನ ವಾರಕ್ಕೆ ಸೇರಿಸಬೇಡಿ. ಹಬ್ಬದ ವಾರ ತಪ್ಪಿದ 12ನ್ನು ಮುಂದಿನ ಭಾನುವಾರದ 14ಕ್ಕೆ ಸೇರಿಸಲು ಹೋಗಿ ನಾನು ಹಿಮ್ಮಡಿ ನೋವು ತಂದುಕೊಂಡೆ. ಮೂರು ವಾರ ಮನೆಯಲ್ಲಿ ಕೂರಬೇಕಾಯಿತು.

ಮಳೆಯ ದಿನ ಮನೆಯಲ್ಲೇ ಬಲದ ವ್ಯಾಯಾಮ. ಬೇಸಿಗೆಯಲ್ಲಿ ಏಳು ಗಂಟೆಯೊಳಗೆ ಮನೆ ಸೇರುವ ಹಾಗೆ ಹೊರಡಿ. ಕತ್ತಲಲ್ಲಿ ಎದುರಿನಿಂದ ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ನಡೆಯಿರಿ, ಮೈಮೇಲೆ ಬೆಳಕಿಗೆ ಹೊಳೆಯುವ ಪಟ್ಟಿ ಇರಲಿ. ನಾಯಿ ಕಾಟ ಇರುವ ಬೀದಿಯಾದರೆ ಕೈಯಲ್ಲಿ ಒಂದು ಕೋಲು ಇರಲಿ. ಹೆಂಗಸರಿಗೆ ಹೇಳುತ್ತಿದ್ದೇನೆ: ಹೋಗುವ ದಾರಿ, ಬರುವ ಹೊತ್ತು ಮನೆಯಲ್ಲಿ ಒಬ್ಬರಿಗೆ ಗೊತ್ತಿರಲಿ.

"ಓಡಲಿಲ್ವಾ? ಬರೀ ನಡೆದಿದ್ದಾ?"

ಈ ಮಾತು ನಿಮಗೂ ಸಿಗುತ್ತೆ. ನನಗೆ ಹತ್ತಿರದವರೊಬ್ಬರೇ ಹೇಳಿದರು, ಅದೂ ಮೆಡಲ್ ಕೈಯಲ್ಲಿ ಹಿಡಿದು ನೋಡುತ್ತಾ. ತುಂಬಾ ನೋವಾಯಿತು. ಆಮೇಲಿನ ವಾರಗಳಲ್ಲಿ ನಾನು ಮನೆಯಲ್ಲಿ ಕೂತದ್ದಕ್ಕೆ ಆ ಮಾತೂ ಒಂದು ಕಾರಣ ಅಂತ ಈಗ ಅನಿಸುತ್ತೆ.

ಓಡುವವರು ನಾಲ್ಕೈದು ಗಂಟೆ ರಸ್ತೆ ಮೇಲಿರುತ್ತಾರೆ. ನಾವು ಎಂಟು ಗಂಟೆ ಇರುತ್ತೇವೆ. ಅವರು ನೆರಳು ಸೇರಿದ ಮೇಲೂ ನಾವು ಬಿಸಿಲಲ್ಲಿರುತ್ತೇವೆ. ಕೊನೆಯ ಹತ್ತು ಕಿಲೋಮೀಟರಿನಲ್ಲಿ ನೀರಿನ ಟೇಬಲ್ ಎತ್ತಿಟ್ಟಿರುತ್ತಾರೆ, ಚಪ್ಪಾಳೆ ತಟ್ಟುವವರೂ ಮನೆಗೆ ಹೋಗಿರುತ್ತಾರೆ. ಅಂಥ ರಸ್ತೆಯಲ್ಲಿ ನೀವು ಮುಂದೆ ನಡೆದಿದ್ದೀರಿ. ಅದನ್ನು ಯಾರಿಗೂ ಸಾಬೀತು ಮಾಡಿ ತೋರಿಸಬೇಕಾಗಿಲ್ಲ. ಮುಂದೆ ಓಡಬೇಕು ಅಂತ ನಿಮಗೇ ಆಸೆಯಾದರೆ ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ ಅಂತ ಶುರು ಮಾಡಿ. ಇನ್ನೊಬ್ಬರ ಬಾಯಿ ಮುಚ್ಚಿಸಲು ಮಾತ್ರ ಓಡಬೇಡಿ.

ಎರಡನೇ ಮ್ಯಾರಥಾನ್ ಯಾವಾಗ?

ಆರು ತಿಂಗಳು ಕಳೆದ ಮೇಲೆ ಆ ನೋಟ್‌ಬುಕ್ ತೆಗೆದು ಮೊದಲ ಪುಟ ಓದಿ. ಓದುವಾಗ ಕಾಲು ಚಡಪಡಿಸಿದರೆ ಯೋಚನೆ ಮಾಡಬಹುದು. ಹೆಸರು ಕೊಡುವ ಮೊದಲು ಮೂರು ವಿಷಯ ನೋಡಿಕೊಳ್ಳಿ. ವಾರಕ್ಕೆ ನಾಲ್ಕು ದಿನದ ನಡಿಗೆ ಎರಡು ತಿಂಗಳಿಂದ ತಪ್ಪದೆ ನಡೆಯುತ್ತಿದೆಯಾ? 16 ಕಿಲೋಮೀಟರ್ ನಡೆದ ಮಾರನೇ ದಿನ ಮೆಟ್ಟಿಲು ಆರಾಮಾಗಿ ಇಳಿಯುತ್ತೀರಾ? ಸ್ಪರ್ಧೆಗೆ ಕಮ್ಮಿ ಅಂದರೂ 18 ವಾರ ಇದೆಯಾ? ಮೂರಕ್ಕೂ ಹೌದಾದರೆ ಧೈರ್ಯವಾಗಿ ದುಡ್ಡು ಕಟ್ಟಿ. ಹೊರದೇಶದಲ್ಲಿ ಮಕ್ಕಳಿದ್ದು, ಅಲ್ಲಿಗೆ ಹೋಗುವ ಅವಕಾಶ ಇದ್ದರೆ ಡಿಸೆಂಬರಿನ ಹೊನೊಲುಲು ಮ್ಯಾರಥಾನ್ ನೆನಪಿಡಿ. ಅಲ್ಲಿ ಸಮಯದ ಮಿತಿಯೇ ಇಲ್ಲ. ಎಷ್ಟು ಹೊತ್ತಾದರೂ ನಡೆದು ಮುಗಿಸಬಹುದು.

ನನ್ನ 21 ಕಿ.ಮೀ. 3 ಗಂಟೆ 43 ನಿಮಿಷಕ್ಕೆ ಮುಗಿಯಿತು. ಗುರಿಗಿಂತ ಮೂರು ನಿಮಿಷ ತಡ. ಸೊಂಟ ಹಿಡಿಯಲಿಲ್ಲ, ಕೈ ಊದಲಿಲ್ಲ. ಮನೆಗೆ ಬಂದು ಸ್ನಾನ ಮಾಡಿ, ಎದುರು ಮನೆ ಅಕ್ಕ ಕೊಟ್ಟು ಹೋಗಿದ್ದ ಬಿಸಿಬೇಳೆಬಾತ್ ತಿಂದೆ. ಆಮೇಲೆ ನೋಟ್‌ಬುಕ್ ತೆಗೆದು ಹೊಸ ಪುಟದ ಮೇಲೆ "18ರ ನಂತರ ಹೆಜ್ಜೆ ಭಾರ, ಯಾಕೆ?" ಅಂತ ಬರೆದೆ.